ಗಾಡಿ ಮರೆತ ಚಾವಿ

ರಜೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಾಗಿಲ ಹೊರಗೆ ನಿಂತಿದ್ದ ಬಿಳಿ ಕಾರು ಕೀಂವ್ ಕೀಂವ್ ಎಂದು ಎರಡು ಸಲ ಕೂಗಿತು. ದುಂಡಪ್ಪನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಮಗ ಕಲ್ಮೇಶ ತಲೆ ಎತ್ತಿ ತಂಗಿಯ ಮುಖ ನೋಡಿದ. ಐಶ್ವರ್ಯಾ ಎಣಗಾಯಿಯ ತುತ್ತನ್ನು ಬಾಯಿಗಿಟ್ಟುಕೊಂಡಳು, ಆದರೆ ಅಗಿಯಲಿಲ್ಲ.

"ಬಂದಾನ," ಎಂದ ಕಲ್ಮೇಶ.

"ಬರಲಿ. ನೀವು ಉಣ್ರಿ," ಎಂದಳು ತಾಯಿ ಗುರುಬಸವ್ವ, ಒಲೆಯ ಮುಂದೆ ಕೂತಲ್ಲಿಂದ ತಿರುಗಿಯೂ ನೋಡದೆ.

ದುಂಡಪ್ಪ ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಹೋದ. ಯಾರೂ ಇರಲಿಲ್ಲ. ಯರಗಟ್ಟಿಯ ಸಂತೆಯ ಗದ್ದಲದಲ್ಲಿ ಒಂದು ಕೆಂಪು ಬೈಕು ಮೂಲೆ ತಿರುಗಿತು. ಕಾರಿನ ನಾಲ್ಕೂ ಬಾಗಿಲುಗಳ ಲಾಕು ತೆರೆದುಕೊಂಡಿತ್ತು.

ಬೈಕಿನಲ್ಲಿ ಹೋದವನು ಅಳಿಯ ಸುಭಾಸ. ರಾಮದುರ್ಗದಿಂದ ಅಷ್ಟು ದೂರ ಬಂದು, ಕಿಸೆಯಲ್ಲಿದ್ದ ಎರಡನೆಯ ಚಾವಿಯ ಗುಂಡಿ ಒತ್ತಿ, ಕಾರು ಕೂಗಿಸಿ ಹೋಗುವುದು ಅವನ ಹೊಸ ಉದ್ಯೋಗ. ಐಶ್ವರ್ಯಾ ತವರಿಗೆ ಬಂದು ಮೂರು ವಾರವಾಗಿತ್ತು. ಅಷ್ಟರಲ್ಲಿ ಇದು ಐದನೆಯ ಸಲ. ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ, ಪೊಲೀಸರಿಗೆ ಹೇಳೋಣವೆಂದರೆ ಹೇಳುವುದಾದರೂ ಏನು? ಒಂದು ಗುಂಡಿ ಒತ್ತಿ ನಾಲ್ಕು ಜನರ ಊಟ ಕೆಡಿಸುವ ವಿದ್ಯೆ ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ನಮ್ಮ ಕಡೆಗೂ ಬಂದಿತ್ತು.

ದುಂಡಪ್ಪ ಮರಳಿ ತಾಟಿನ ಮುಂದೆ ಕೂತ. ಬೀಜ-ಗೊಬ್ಬರದ ಅಂಗಡಿ ನಡೆಸುವ ಅವನಿಗೆ ಊರ ತುಂಬ ಗಿರಾಕಿಗಳು, ಹಾಗಾಗಿ ಊರ ತುಂಬ ಅಂಜಿಕೆ.

"ಗಾಡಿ ಕೊಟ್ಟಬಿಡೂಣು," ಎಂದ. "ಆ ಕಬ್ಬಿಣದ ಪೆಟ್ಟಿಗಿ ಹೋದ್ರ ಹೋಗಲಿ."

"ಗಾಡಿ ಕೊಟ್ರ ನಾ ಸಾಲಿಗೆ ಹ್ಯಾಂಗ ಹೋಗಲಿ ಅಪ್ಪಾ?"

"ಬಸ್ಸಿಗೆ ಹೋಗು."

"ಸಾಲಿ ಒಂಬತ್ತಕ್ಕ, ಬಸ್ಸು ಹತ್ತೂವರಿಗೆ. ಅಲ್ಲೀತನಕಾ ಮಕ್ಕಳನ್ನ ಯಾರ ಹಿಡಕೊಂಡ ಕುಂದ್ರತಾರ?"

"ಹಂಗಾದ್ರ ನೌಕರಿ ಬಿಡು."

"ನೌಕರಿ ಬಿಟ್ಟ ಮ್ಯಾಲ ಏನಂತೀರಿ ಅನ್ನೂದೂ ಗೊತ್ತೈತಿ. ಮನ್ಯಾಗ ಕುಂತ ಏನ ಮಾಡ್ತಿ, ರಾಮದುರ್ಗಕ್ಕ ನಡಿ ಅಂತೀರಿ."

ಅದು ನಿಜವಾದ್ದರಿಂದ ದುಂಡಪ್ಪ ತಾಟಿನ ರೊಟ್ಟಿ ಮುರಿದುಕೊಂಡ. ಕಲ್ಮೇಶ ಮಾತಾಡಿದ. "ನನ್ನದೂ ಒಂಚೂರು ವಿಚಾರ ಮಾಡ್ರಿ. ಸುರೇಬಾನದಾವ್ರು ಹೆಣ್ಣ ಕೊಡತೇವಿ ಅಂದಿದ್ರು, ಈಗ ಫೋನ್ ಸೈತ ಎತ್ತೂದಿಲ್ಲ. ತಂಗಿ ತವರಾಗ ಬಂದ ಕುಂತ ಮನಿಗೆ ಹೆಣ್ಣ ಯಾರ ಕೊಡತಾರ?"

"ಅಂದ್ರ ತಂಗೀನ್ನ ತಿರಗಿ ಆ ಖೋಲ್ಯಾಗ ನೂಕಿ, ಆಮ್ಯಾಲ ನೀ ಬಾಸಿಂಗ ಕಟಗೋತಿ?" ಗುರುಬಸವ್ವ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಒಗೆದಳು. "ಉಣ್ಣು ಸುಮ್ಮ."

ಈ ಕಾರಿನ ಕಥೆ ಕೇಳಿದರೆ ಶನಿದೇವರಿಗೂ ನಗು ಬಂದೀತು. ಮದುವೆಯಲ್ಲಿ ಕಾರು ಕೊಡಬೇಕೆಂದು ಕೇಳಿದವರು ರಾಮದುರ್ಗದ ಬೀಗರೇ. ಇನ್ನೇನು ಕಾಗದ ಮಾಡಿಸಬೇಕು ಎನ್ನುವಾಗ ಅವರ ಜ್ಯೋತಿಷಿ ಹುಡುಗನಿಗೆ ಸಾಡೇಸಾತಿ ನಡೆದಿದೆ, ವಾಹನ ಅವನ ಹೆಸರಿಗೆ ಬೇಡವೇ ಬೇಡ ಎಂದ. ಅಳಿಯನ ಹೆಸರಿಗೇ ಇರಲಿ ಎಂದು ದುಂಡಪ್ಪ ಕೈಮುಗಿದರೂ ಸುಭಾಸನ ಅಪ್ಪ ಶಂಕರೆಪ್ಪ ಕೇಳಲಿಲ್ಲ. "ಸೊಸಿ ಹೆಸರಿಲೆ ಮಾಡಸ್ರಿ ಬೀಗರ. ಚಾವಿನೂ ಆಕಿ ಉಡಿಯಾಗನ ಹಾಕ್ರಿ. ಶನಿ ಬರೂದಾದ್ರ ಆಕಿ ಮ್ಯಾಲ ಬರಲಿ," ಎಂದು ಹಂದರದಲ್ಲಿ ನಾಲ್ಕು ಮಂದಿ ಕೇಳುವಂತೆ ಹೇಳಿದ. ನಾಲ್ಕು ಮಂದಿ ನಕ್ಕರು. ಗುರುಬಸವ್ವ ನಗಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಖಣದ ಜೊತೆಗೆ ಎರಡೂ ಚಾವಿಗಳನ್ನು ಮಗಳ ಉಡಿಗೆ ಹಾಕಿ ಕಳಿಸಿದಳು. ರಾಮದುರ್ಗ ಮುಟ್ಟಿದ ಮರುದಿನವೇ ಸುಭಾಸ ಅದರಲ್ಲೊಂದನ್ನು ತೆಗೆದುಕೊಂಡ. ಶನಿ ಕಾಗದ ಓದುತ್ತಾನೆ, ಕಿಸೆ ತಡವುವುದಿಲ್ಲ ಎಂದು ಅವನು ನಂಬಿದ್ದಿರಬೇಕು.

ಆ ಮನೆಯಲ್ಲಿ ಐಶ್ವರ್ಯಾ ಒಂದೂವರೆ ವರ್ಷ ಇದ್ದಳು. ಡಿ.ಎಡ್ ಮುಗಿಸಿದ್ದ ಸೊಸೆ ಶಾಲೆಯಲ್ಲಿ ಕಲಿಸುತ್ತೇನೆ ಎಂದು ಬಾಯಿ ಬಿಟ್ಟಿದ್ದೇ ಅಪರಾಧವಾಯಿತು. ಮನೆಮಂದಿ ಹೊರಗೆ ಹೋಗುವಾಗ ಅತ್ತೆ ಅವಳನ್ನು ಹಿಂದಿನ ಖೋಲಿಯಲ್ಲಿ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಿದ್ದಳು. ಸುಭಾಸ ಎರಡು ಸಲ ಕೈ ಮಾಡಿದ. ಅತ್ತೆ ಕೀಲಿ ಹಾಕಲು ಮರೆತ ಒಂದು ಮುಂಜಾನೆ ಐಶ್ವರ್ಯಾ ಉಟ್ಟ ಸೀರೆಯಲ್ಲೇ ಕಾರು ಹತ್ತಿ, ಕಟಕೋಳದ ಮೇಲಿಂದ ಒಬ್ಬಳೇ ಓಡಿಸಿಕೊಂಡು ತವರಿಗೆ ಬಂದಳು. ಅವಳಿಗೆ ಗಾಡಿ ಹೊಡೆಯಲು ಕಲಿಸಿದವನು ಕಲ್ಮೇಶ, ಅಂಗಡಿಯ ಟೆಂಪೋದಲ್ಲಿ. ಬಂದ ವಾರದಲ್ಲೇ ಚಚಡಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದಳು.

ಮುಂದಿನ ಬುಧವಾರ ಶಂಕರೆಪ್ಪನ ಫೋನು ಬಂತು. ಬರುವ ಸೋಮವಾರ ಹಿರಿಯರನ್ನು ಕರೆದುಕೊಂಡು ಬರುತ್ತೇವೆ, ಹುಡುಗಿಯನ್ನೂ ಗಾಡಿಯನ್ನೂ ಕಳಿಸುವ ತಯಾರಿ ಮಾಡಿರಿ ಎಂದ. ಹಿಂದಿನಿಂದ ಸುಭಾಸ ಹೇಳಿದ್ದೂ ದುಂಡಪ್ಪನಿಗೆ ಕೇಳಿಸಿತು. "ತಯಾರಿ ಗಿಯಾರಿ ಏನ ಬೇಕಾಗೇತಿ? ಚಾವಿ ನನ್ನ ಕಡೆ ಐತಿ. ಕುಂತ್ನಿ, ಬಂದ್ನಿ."

ದುಂಡಪ್ಪ ಕಾರಿನ ಆರ್‌ಸಿ ಬುಕ್ಕನ್ನು ಡ್ಯಾಶ್‌ಬೋರ್ಡಿನಿಂದ ತೆಗೆದು ಮನೆಯ ಟ್ರಂಕಿನಲ್ಲಿಟ್ಟ. ಸೋಮವಾರ ಬೀಗರ ಕೈಗೆ ಕೊಟ್ಟು ಕೈತೊಳೆದುಕೊಳ್ಳುವ ವಿಚಾರ. ಟ್ರಂಕಿನ ಚಾವಿ ಎಂದಿನಂತೆ ಹೆಂಡತಿಯ ಸೊಂಟದಲ್ಲಿತ್ತು. "ಯಾರ ಕೇಳಿದ್ರೂ ತಗೀಬ್ಯಾಡ," ಎಂದ. ಗುರುಬಸವ್ವ ಎಮ್ಮೆಯ ಹಾಲು ಹಿಂಡಲು ಎದ್ದುಹೋದಳು.

ಗುರುವಾರ ಶಾಲೆ ಬಿಟ್ಟಮೇಲೆ ಐಶ್ವರ್ಯಾ ಚಚಡಿಯಲ್ಲಿ ಕಾರಿನ ಬಾಗಿಲು ತೆರೆದಳು. ಅವಳ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ರೇಡಿಯೋ ಹಚ್ಚಿದ್ದು ಹಾಗೇ ಇತ್ತು. ಪಕ್ಕದ ಸೀಟಿನ ಮೇಲೆ ತಿಂದು ಬಿಟ್ಟ ಶೇಂಗಾದ ಸಿಪ್ಪೆ ಬಿದ್ದಿತ್ತು. ಅವಳು ಪಾಠ ಹೇಳುವಾಗ ಅವನು ಇಲ್ಲಿ ಆರಾಮಾಗಿ ಕೂತು ಶೇಂಗಾ ತಿಂದು ಹೋಗಿದ್ದ. ಮೊದಲು ಅವಳು ಬಗ್ಗಿ ಹಿಂದಿನ ಸೀಟನ್ನು ನೋಡಿದಳು. ಸಿಪ್ಪೆಯನ್ನು ಒಂದೊಂದೇ ಆರಿಸಿ ಹೊರಗೆ ಚೆಲ್ಲುವಷ್ಟರಲ್ಲಿ ಅಂಜಿಕೆ ಹೋಗಿ ಸಿಟ್ಟು ಬಂತು. ಮನೆಯ ಕಡೆ ತಿರುಗಬೇಕಾದ ಕಾರನ್ನು ಬೈಲಹೊಂಗಲದ ಕಡೆ ತಿರುಗಿಸಿದಳು.

ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಸತ್ಯಪ್ಪನದು ತಗಡಿನ ಡಬ್ಬಾ ಅಂಗಡಿ. ಮೂವತ್ತು ವರ್ಷ ಅರದಿಂದ ತಿಕ್ಕಿ ತಿಕ್ಕಿ ಚಾವಿ ಮಾಡಿದ ಮನುಷ್ಯ. ಐಶ್ವರ್ಯಾಳ ಚಾವಿಯನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಕೊಟ್ಟ.

"ಇದು ತಿಕ್ಕೂ ಚಾವಿ ಅಲ್ಲವಾ. ಇದರ ಹೊಟ್ಟ್ಯಾಗ ಚಿಪ್ ಐತಿ. ನಮ್ಮ ರೇಣು ನೋಡತಾಳ."

ಸತ್ಯಪ್ಪನ ಮಗಳು ರೇಣು ಹುಬ್ಬಳ್ಳಿಯಲ್ಲಿ ಆರು ತಿಂಗಳಿದ್ದು ಈ ಕೆಲಸ ಕಲಿತು ಬಂದವಳು. ವಯಸ್ಸು ಐಶ್ವರ್ಯಾಳದೇ. ಬಂದವರೆಲ್ಲ ಮೊದಲು ಅವಳ ಅಪ್ಪನನ್ನೇ ಹುಡುಕುತ್ತಿದ್ದರು.

"ಏನಾಗಬೇಕ್ರಿ ಅಕ್ಕಾರ?"

"ಈ ಗಾಡೀದು ಇನ್ನೊಂದ ಚಾವಿ ಬಂದ್ ಮಾಡಬೇಕು. ಅದು ನನ್ನ ಗಂಡನ ಕಡೆ ಐತಿ."

ರೇಣು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು. "ಆಗತೈತ್ರಿ. ಹೊಸಾ ಚಾವಿ ಕಲಸೂ ಮುಂದ ಗಾಡಿ ಹಳೇವನ್ನೆಲ್ಲಾ ಮರೀತೈತಿ. ಆಮ್ಯಾಲ ನಾವು ಯಾವ್ಯಾವ ಚಾವಿ ತೋರಸ್ತೇವಿ, ಅಷ್ಟ ನೆಪ್ಪ ಇಟ್ಟಕೋತೈತಿ. ಅದಕ್ಕ ಬಂದಾವ್ರಿಗೆಲ್ಲಾ ಮನ್ಯಾಗ ಇದ್ದಬದ್ದ ಚಾವಿ ತರ್ರಿ ಅಂತೇನಿ. ಬಿಟ್ಟ ಬಂದ ಚಾವಿ ಸತ್ತಂಗನ. ಬಾಗಲಾ ತಗೀಬಹುದು, ಇಂಜಿನ್ ಸುರು ಆಗೂದಿಲ್ಲ. ಗುಂಡೀದೂ ಅಳಿಸಿದ್ರ ಅದೂ ಕೂಗೂದಿಲ್ಲ."

"ಅದ ಬೇಕಾಗೇತಿ. ಈಗ ಮಾಡಿಕೊಡು."

"ಈಗ ಆಗೂದಿಲ್ಲ. ಗಂಡಾ ಹೆಂಡ್ತಿ ಜಗಳದಾಗ ಇವತ್ತ ನೀವ ಬರತೀರಿ, ನಾಳಿ ಅವರ ಬರತಾರ. ಇಬ್ಬರದೂ ಮಾಡಿಕೋತ ಕುಂತ್ರ ನನಗ ಯಾರ ನಂಬತಾರ? ಆರ್‌ಸಿ ಬುಕ್ ಯಾರ ಹೆಸರಿಲೆ ಐತೋ ಅವರಿಗಷ್ಟ."

"ನನ್ನ ಹೆಸರಿಲೆ ಐತಿ."

"ಹಂಗಾದ್ರ ತಂದ ತೋರಸ್ರಿ. ಝೆರಾಕ್ಸ್ ನಡಿಯೂದಿಲ್ಲ."

ಐಶ್ವರ್ಯಾಳಿಗೆ ಸಿಟ್ಟು ಬಂತು, ಮರಳಿ ಹೋಗುವಾಗ ರೇಣುವಿನ ಮೇಲೆ ಗೌರವವೂ ಬಂತು. ರಾಮದುರ್ಗದಲ್ಲಿ ಒಂದೂವರೆ ವರ್ಷ ಯಾರೂ ಅವಳ ಹೆಸರನ್ನು ಇಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

ಶನಿವಾರ ಮುಂಜಾನೆ ದುಂಡಪ್ಪ ಅವಲಕ್ಕಿ ತಿಂದು ಅಂಗಡಿಗೆ ಹೋದ. ಕಲ್ಮೇಶ ಟೆಂಪೋ ತೊಳೆಯುತ್ತಿದ್ದ. ಗುರುಬಸವ್ವ ಹಿಟ್ಟು ನಾದುತ್ತ ಮಗಳು ಹೇಳಿದ್ದನ್ನೆಲ್ಲ ಕೇಳಿದಳು. ಚಾವಿಯ ಹೊಟ್ಟೆಯ ಚಿಪ್ಪು, ಗಾಡಿಯ ನೆನಪು ಅವಳಿಗೆ ತಿಳಿಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಸತ್ತ ಚಾವಿಗೆ ಮತ್ತ ಜೀವಾ ಬರತೈತೇನು?"

"ನನ್ನ ಆರ್‌ಸಿ ತೋರಸಿ, ನಾ ಹ್ಞೂಂ ಅಂದ್ರ ಬರತೈತಿ."

"ನೀ ಅಂತೀ ಏನು?"

"ಇಲ್ಲವಾ."

ಗುರುಬಸವ್ವ ಕೈ ತೊಳೆದುಕೊಂಡು ಸೊಂಟದ ಚಾವಿ ಗೊಂಚಲು ಬಿಚ್ಚಿದಳು. "ಉಡ್ಯಾಗ ಹಾಕಿದ್ದನ್ನ ಯಾರಾದ್ರೂ ತಿರಗಿ ಕೇಳತಾರೇನು? ಕೇಳಬಾರದು. ಕಸಗೊಳ್ಳಾಕಂತೂ ಬರೂದಿಲ್ಲ. ನಿಮ್ಮ ಅಪ್ಪಗ ಅಷ್ಟ ತಿಳಿವಲ್ದು." ಬುಕ್ಕು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. "ಅರ್ಧಾ ದಿನದ ಸಾಲಿ ಅಲ್ಲ ಇವತ್ತ? ನಾನೂ ಬರತೇನಿ. ಸಾಲಿ ಕಟ್ಟಿ ಮ್ಯಾಲ ಕುಂದ್ರತೇನಿ, ಅಲ್ಲಿಂದ ಹೋಗೂಣು."

ಕಲ್ಮೇಶ ಪೈಪು ಹಿಡಿದುಕೊಂಡೇ ನಿಂತ. "ಎಲ್ಲಿಗವಾ?"

"ಬೈಲಹೊಂಗಲಕ್ಕ. ಬ್ಯಾಳಿ ಒಲಿ ಮ್ಯಾಲ ಐತಿ, ಉಕ್ಕದಂಗ ನೋಡು," ಎಂದು ಗುರುಬಸವ್ವ ಮುಂದಿನ ಸೀಟಿನಲ್ಲಿ ಕೂತಳು.

ರೇಣು ಆರ್‌ಸಿಯ ಹೆಸರನ್ನೂ ಐಶ್ವರ್ಯಾಳ ಮತದಾರರ ಚೀಟಿಯ ಹೆಸರನ್ನೂ ಎರಡು ಸಲ ತಾಳೆ ಹಾಕಿದಳು. ಹುಬ್ಬಳ್ಳಿಗೆ ಫೋನು ಮಾಡಿ ಚಾಸಿ ನಂಬರು ಓದಿದಳು. ಗಾಡಿಗೆ ಹೊಸ ಚಾವಿ ಕಲಿಸಲು ಬೇಕಾದ ಪಿನ್ ನಂಬರು ಅಲ್ಲಿಂದ ಬರಲು ಅರ್ಧ ತಾಸು ಬೇಕಿತ್ತು. ಬಿಸಿಲು ಜೋರಾಗಿತ್ತು. ಸತ್ಯಪ್ಪ ತನ್ನ ಸ್ಟೂಲು ಬಿಟ್ಟುಕೊಟ್ಟ. ರೇಣು ತಂಬಿಗೆಯಲ್ಲಿ ನೀರು ತಂದಳು.

"ನೀವು ಯಾರ ಪೈಕಿ ತಂಗಿ?" ಎಂದಳು ಗುರುಬಸವ್ವ. ನೀರು ಕುಡಿಯುವ ಮೊದಲು ಇದನ್ನು ಕೇಳುವುದು ಅವಳಿಗೆ ಉಸಿರಾಡಿದಷ್ಟು ರೂಢಿ.

ರೇಣು ತಗಡಿನ ಗೋಡೆಯ ಮೇಲಿದ್ದ ಬುದ್ಧನ ಚಿತ್ರ ತೋರಿಸಿದಳು. "ಅವರ ಪೈಕಿರಿ. ನೀರ ಕುಡಿಯೂದು ಬಿಡೂದು ನಿಮಗ ಬಿಟ್ಟಿದ್ದು. ಕೆಲಸಾ ಅಂತೂ ಅದ ಆಗತೈತಿ."

ಗುರುಬಸವ್ವನ ಮುಖ ಕೆಂಪಾಯಿತು. ತನ್ನ ಮೇಲೆಯೇ ನಾಚಿಕೆಯಾಗಿತ್ತು. ತಂಬಿಗೆ ಎತ್ತಿ ಅರ್ಧಕ್ಕಿಂತ ಹೆಚ್ಚು ಕುಡಿದು, ಉಳಿದದ್ದನ್ನು ಮಗಳ ಕೈಗೆ ಕೊಟ್ಟಳು.

ಪಿನ್ ನಂಬರು ಬಂತು. ರೇಣು ಸ್ಟಿಯರಿಂಗ್ ಕೆಳಗೆ ಬಗ್ಗಿ ವೈರು ಚುಚ್ಚಿದಳು. ಕೈಯಲ್ಲಿದ್ದ ಮಷಿನ್ನಿನ ಮೇಲೆ ಅಕ್ಷರ ಮೂಡಿದವು.

"ಇನ್ನೊಮ್ಮಿ ಕೇಳತೇನ್ರಿ ಅಕ್ಕಾರ. ಇದನ್ನ ಒತ್ತಿದ್ರ ಅವರ ಚಾವಿ ಹೋತು. ನಾಳಿ ನಿಮಗ ಪಶ್ಚಾತ್ತಾಪ ಆದ್ರ ನಾ ಜವಾಬ್ದಾರ ಅಲ್ಲ."

"ನಾನ ಒತ್ತಲೇನು?" ಎಂದಳು ಐಶ್ವರ್ಯಾ.

ರೇಣು ಅವಳ ಮುಖ ನೋಡಿ ಮಷಿನ್ನು ಮುಂದೆ ಹಿಡಿದಳು. ಐಶ್ವರ್ಯಾ ಒತ್ತಿದಳು. ಏನೂ ಆಗಲಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಅಷ್ಟು ಅಂಜಿಸಿದ್ದ ಚಾವಿ ರಾಮದುರ್ಗದಲ್ಲಿ ಯಾವುದೋ ಕಿಸೆಯಲ್ಲಿ ಮಿಕ್ಕ ಚಿಲ್ಲರೆಯ ಜೊತೆ ಸುಮ್ಮನೆ ಬಿದ್ದಿತ್ತು.

"ಎಷ್ಟ ಚಾವಿ ಕಲಸ್ಲಿ ಅಂತ ಕೇಳಾಕಹತ್ತೇತಿ," ಎಂದಳು ರೇಣು.

"ಎರಡು," ಎಂದಳು ಗುರುಬಸವ್ವ. ಎಮ್ಮೆಯ ಹಾಲು ಮಾರಿ ಕೂಡಿಸಿದ ರೊಕ್ಕದಲ್ಲಿ ಅವಳೇ ಕೂಲಿ ಕೊಟ್ಟಳು.

ರವಿವಾರ ಮಧ್ಯಾಹ್ನ ಮನೆಯಲ್ಲಿ ಹುಗ್ಗಿ ಮಾಡಿದ್ದರು. ಊಟದ ನಡುವೆ ಕಲ್ಮೇಶ ಕಿಟಕಿಯಿಂದ ನೋಡಿ, "ಅಲ್ಲೆ ನಿಂತಾನ," ಎಂದ. ಎದುರಿನ ಕಿರಾಣಿ ಅಂಗಡಿಯ ಮುಂದೆ ಸುಭಾಸ ಬೈಕಿನ ಮೇಲೆ ಕೂತು ಚಾವಿ ಒತ್ತುತ್ತಿದ್ದ. ಕಾರು ಕೂಗಲಿಲ್ಲ. ಚಾವಿಯನ್ನು ತೊಡೆಗೆ ಬಡಿದು ಮತ್ತೆ ಒತ್ತಿದ. ಆಮೇಲೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ಯಾಕ ಕೂಗವಲ್ದು ಇವತ್ತ?" ಎಂದ ದುಂಡಪ್ಪ.

ಐಶ್ವರ್ಯಾ ಹೇಳಿದಳು. ಮುಚ್ಚಿಡಲಿಲ್ಲ. ದುಂಡಪ್ಪ ಬಾಯಿಗೆ ಒಯ್ದ ಹುಗ್ಗಿಯನ್ನು ಮರಳಿ ತಾಟಿಗೆ ಹಾಕಿದ.

"ನನಗೊಂದ ಮಾತ ಕೇಳಲಿಲ್ಲ?"

"ಕೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ನಿ! ನಾಳಿ ಹಿರ್ಯಾರ ಮುಂದ ನಾ ಯಾವ ಮುಖಾ ಹೊತ್ತ ಕುಂದ್ರಲಿ? ಮೋಸಾ ಮಾಡಿದ್ರು ಅಂತ ಅನ್ನೂದಿಲ್ಲ?" ಹೆಂಡತಿಯ ಕಡೆ ತಿರುಗಿದ. "ನೀನೂ ಇದರಾಗ ಇದ್ದಿ."

"ಇದ್ದೇನಿ," ಎಂದಳು ಗುರುಬಸವ್ವ. "ತುಪ್ಪ ಹಾಕಲೇನು?"

ದುಂಡಪ್ಪ ತಾಟು ಸರಿಸಿ ಎದ್ದುಹೋದ. ಸಂಜೆಯವರೆಗೂ ಅಂಗಡಿಯಿಂದ ಬರಲಿಲ್ಲ.

ಸೋಮವಾರ ಏಳೂವರೆಗೇ ರಾಮದುರ್ಗದ ಜೀಪು ಬಂತು. ಶಂಕರೆಪ್ಪ, ಸುಭಾಸ, ಹಿರಿಯರೆಂದು ರಾಯಪ್ಪ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಚಹಾ ಆಯಿತು. ಶಾಲೆಗೆ ಹೋಗಲು ತಯಾರಾಗಿ ಐಶ್ವರ್ಯಾ ಬಾಗಿಲ ಬಳಿ ನಿಂತಿದ್ದಳು. ರಜೆ ಹಾಕು ಎಂದು ಅಪ್ಪ ಹೇಳಿದ್ದರೂ ಹಾಕಿರಲಿಲ್ಲ.

"ಆಗಿದ್ದ ಆತು ಬೀಗರ," ಎಂದ ಶಂಕರೆಪ್ಪ. "ಹುಡುಗಿ ತಪ್ಪ ಮಾಡೇತಿ. ನಾವ ಹೊಟ್ಯಾಗ ಹಾಕ್ಕೋತೇವಿ."

"ನಾ ಏನ ತಪ್ಪ ಮಾಡೇನ್ರಿ ಮಾವಾರ?" ಎಂದಳು ಐಶ್ವರ್ಯಾ. "ಹೊರಗಿಂದ ಕೀಲಿ ಹಾಕಿದಾವ್ರು ಯಾರು?"

"ದೊಡ್ಡಾವ್ರ ಮಾತಾಡೂ ಮುಂದ—" ಎನ್ನುತ್ತ ರಾಯಪ್ಪ ಕೆಮ್ಮಿದ. ಸುಭಾಸನಿಗೆ ಮಾತುಕತೆ ಬೇಕಿರಲಿಲ್ಲ. ಎದ್ದು ಹೊರಗೆ ಹೋದ. ಗುಂಡಿ ಒತ್ತಿದ. "ಸೆಲ್ ಮುಗದೇತಿ," ಎಂದು ಚಾವಿಯಿಂದಲೇ ಬಾಗಿಲು ತೆರೆದು ಕೂತ. ಎಲ್ಲರೂ ಅಂಗಳಕ್ಕೆ ಬಂದರು.

ಚಾವಿ ತಿರುಗಿತು. ಇಂಜಿನ್ನು ಗುರ್ ಗುರ್ ಎಂದು ನಿಂತುಹೋಯಿತು. ಎರಡನೆಯ ಸಲವೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ಒಳಗೆ ಕೆಂಪು ದೀಪವೊಂದು ಮಿಣಮಿಣ ಎನ್ನುತ್ತಿತ್ತು. ಎದುರಿನ ಕಿರಾಣಿ ಅಂಗಡಿಯ ಮುಂದೆ ಏಳೆಂಟು ಮಂದಿ ಕೂಡಿದರು.

"ಗಾಡಿ ಕೆಡಿಸೀರಿ!" ಎಂದ ಸುಭಾಸ.

"ಕೆಡಿಸಿಲ್ಲ. ಗಾಡಿ ನಿಮ್ಮ ಚಾವಿ ಮರತೈತಿ," ಎಂದಳು ಐಶ್ವರ್ಯಾ. "ನಾನ ಮರಸೇನಿ. ನನ್ನ ಗಾಡಿ."

"ಯಾರ ಹೆಸರಿಲೆ ಐತಿ ಗಾಡಿ?" ಎಂದು ರಾಯಪ್ಪ ಕೇಳಿದ. ಹಂದರದಲ್ಲಿ ನಕ್ಕ ನಾಲ್ಕು ಮಂದಿಯಲ್ಲಿ ತಾನೂ ಒಬ್ಬನೆಂದು ರಾಯಪ್ಪನಿಗೇ ನೆನಪಾಗಿ, ಶಂಕರೆಪ್ಪನ ಮುಖ ನೋಡಿ, ಮತ್ತೆ ಕೆಮ್ಮಿದ.

ಸುಭಾಸ ಕಾರಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಜೀಪಿನ ಡ್ರೈವರನಿಗೆ ಕೂಗಿದ. "ಜೀಪ್ ಮುಂದ ತಗೊಂಬಾ. ಜಗ್ಗಿಕೊಂಡ ಹೋಗೂಣು." ಜೀಪು ಬಂದು ಕಾರಿನ ಮೂತಿಗೆ ಹತ್ತಿ ನಿಂತಿತು. "ಕಲ್ಮೇಶಣ್ಣ, ನಿಮ್ಮ ಟೆಂಪೋದಾಗಿನ ಹಗ್ಗ ಕೊಡ್ರಿ."

ಕಲ್ಮೇಶ ತಂಗಿಯನ್ನು ನೋಡಿದ. ತಾನು ಕಲಿಸಿದ ಹುಡುಗಿ, ಕ್ಲಚ್ಚು ಬಿಡುವಾಗ ಹೆದರಿ ಕಣ್ಣು ಮುಚ್ಚುತ್ತಿದ್ದವಳು, ಈಗ ಕಣ್ಣು ಮಿಟುಕಿಸದೆ ನಿಂತಿದ್ದಳು.

"ಹಗ್ಗ ಇಲ್ಲ," ಎಂದ. ಹಗ್ಗ ಟೆಂಪೋದ ಬದಿಗೆ ಎಲ್ಲರಿಗೂ ಕಾಣುವಂತೆ ಜೋತುಬಿದ್ದಿತ್ತು.

ಶಂಕರೆಪ್ಪನಿಗೆ ತಡೆಯಲಾಗಲಿಲ್ಲ. "ಇರಲಿ ಬೀಗರ, ಹಗ್ಗ ನಾವ ತರಸ್ತೇವಿ. ಮೊದಲ ಗಾಡಿ ಒಯ್ಯತೇವಿ. ಹುಡುಗಿ ಬರೂದಾದ್ರ ಹಿಂದಿಂದ ಬಸ್ಸಿಗೆ ಬರಲಿ."

ದುಂಡಪ್ಪ ಇಷ್ಟು ಹೊತ್ತು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಈ ಮಾತಿಗೆ ಅವನ ಮೈ ಉರಿಯಿತು. ಹುಡುಗಿ ಬರದಿದ್ದರೂ ನಡೆದೀತು, ಗಾಡಿ ಬೇಕು. ನಾಲ್ಕು ವಾರದಿಂದ ತಾನು ಅಂಜಿದ್ದು, ಮಗಳನ್ನು ತಿರುಗಿ ಕಳಿಸಲು ಹೊರಟಿದ್ದು ಇಂಥವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು. ಎದ್ದು, ಧೋತರದ ಚುಂಗು ಹಿಡಿದುಕೊಂಡು ಕಾರಿನ ಹತ್ತಿರ ಬಂದು ಬಾಗಿಲು ತೆರೆದ.

"ಇಳೀರಿ ಅಳಿಯಾರ."

ಸುಭಾಸ ಅಪ್ಪನ ಕಡೆ ನೋಡಿದ.

"ಅಲ್ಲೇನ ನೋಡತೀರಿ? ಇಳೀರಿ. ಒಂಬತ್ತಕ್ಕ ಸಾಲಿ ಐತಿ."

ಕೂಡಿದ್ದ ಏಳೆಂಟು ಮಂದಿ ಹದಿನೈದಾಗುವಷ್ಟರಲ್ಲಿ ಸುಭಾಸ ಇಳಿದ. ಐಶ್ವರ್ಯಾ ಬ್ಯಾಗು ಒಳಗಿಟ್ಟು ಕೂತಳು. ಒಂದೇ ಸಲಕ್ಕೆ ಇಂಜಿನ್ನು ಹತ್ತಿಕೊಂಡಿತು. ದುಂಡಪ್ಪ ಬಾಗಿಲನ್ನು ತಾನೇ ಮುಚ್ಚಿದ. ಆಮೇಲೆ ಶಂಕರೆಪ್ಪನ ಕಡೆ ತಿರುಗಿ, ಓಣಿಯ ತುಂಬ ಕೇಳುವಂತೆ ಹೇಳಿದ.

"ನಿಮ್ಮ ಜೀಪ್ ಬಾಜೂಕ ತಗೊಳ್ರಿ ಬೀಗರ. ನನ್ನ ಮಗಳ ಗಾಡಿ ಹೊರಗ ಬರಬೇಕು."